ಹತ್ತು ಪರ್ಸೆಂಟು, ಯಾವುದರ ಮೇಲೆ?

ಶಿರಸಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ಮೊಮ್ಮಗಳು ಎಸ್ಸೆಸ್ಸೆಲ್ಸಿ, ಗಣಿತ ಅಂದರೆ ಅಳುತ್ತಾಳಂತೆ. "ಜೀವಮಾನವಿಡೀ ತೋಟ ಮಾಡಿದೆ. ಕೂಡಿಸೋದು, ಕಳೆಯೋದು ಬಿಟ್ಟರೆ ಬೇರೆ ಗಣಿತ ಬೇಕಾಗಲಿಲ್ಲ. ಈಗ ಅದಕ್ಕೂ ಮೊಬೈಲ್ ಇದೆ. ಮಕ್ಕಳಿಗೆ ಸುಮ್ನೆ ಯಾಕೆ ಈ ಕಾಟ?" ಎಂದು ಕೇಳಿದ್ದಾರೆ.

ಮಾನ್ಯರೇ, ಮೊಬೈಲ್ ಲೆಕ್ಕ ಮಾಡುತ್ತದೆ, ಒಪ್ಪಿದೆ. ಯಾವ ಲೆಕ್ಕ ಮಾಡಬೇಕು ಅಂತ ಅದಕ್ಕೆ ನೀವೇ ಹೇಳಬೇಕಲ್ವಾ? ನಿಮ್ಮ ಅಂಗಳದ್ದೇ ಒಂದು ಲೆಕ್ಕ ನೋಡೋಣ.

100 ಕೆ.ಜಿ. ಚಾಲಿ (ಬಿಸಿಲಲ್ಲಿ ಒಣಗಿಸುವ ಅಡಿಕೆ) ಇದೆ. ಸರಿಯಾಗಿ ಒಣಗಿಲ್ಲ, ತೂಕದಲ್ಲಿ 20 ಪರ್ಸೆಂಟ್ ನೀರು. ಹೀಗೇ ಕೊಟ್ಟರೆ ಕೆ.ಜಿ.ಗೆ 400 ರೂಪಾಯಿ. ಇನ್ನಷ್ಟು ಬಿಸಿಲು ಕಾಣಿಸಿ ನೀರನ್ನು 10 ಪರ್ಸೆಂಟಿಗೆ ಇಳಿಸಿದರೆ 440. (ದರ ಲೆಕ್ಕಕ್ಕೆ ಹಿಡಿದದ್ದು, ಇವತ್ತಿನ ಪೇಟೆ ಧಾರಣೆ ನೋಡಿ ನನ್ನ ಮೇಲೆ ಸಿಟ್ಟಾಗಬೇಡಿ.) ನೀರು ಹತ್ತು ಪರ್ಸೆಂಟ್ ಕಮ್ಮಿ, ದರ ಹತ್ತು ಪರ್ಸೆಂಟ್ ಜಾಸ್ತಿ. ಅಲ್ಲಿಗಲ್ಲಿಗೆ ಸರಿಹೋಯಿತು ಅನ್ನಿಸುತ್ತದೆ.

ಹೋಗಲಿಲ್ಲ. 100 ಕೆ.ಜಿ.ಯಲ್ಲಿ ನೀರು ಬಿಟ್ಟು ಬರೀ ಅಡಿಕೆ 80 ಕೆ.ಜಿ. ಬಿಸಿಲಿಗೆ ಅದೇನೂ ಕರಗುವುದಿಲ್ಲ. ಒಣಗಿದ ಮೇಲೆ ಆ 80 ಕೆ.ಜಿ.ಯೇ ಒಟ್ಟು ತೂಕದ 90 ಪರ್ಸೆಂಟ್ ಆಗಬೇಕು. ಅಂದರೆ ತೂಕ 88.9 ಕೆ.ಜಿ., 90 ಅಲ್ಲ. 440ರಂತೆ ಸಿಗುವುದು 39,100 ಚಿಲ್ಲರೆ. ಮೊದಲೇ ಕೊಟ್ಟಿದ್ದರೆ 40,000! ದಿನಾ ಹರವಿ, ಸಂಜೆ ಎತ್ತಿಟ್ಟ ಕೂಲಿ ಹಾಳಾಗಲಿ, ಕೈಯಿಂದಲೇ 900 ರೂಪಾಯಿ ಹತ್ತಿರ ಹೋಯಿತು. ನಷ್ಟ ಆಗದಿರಲು 450 ಸಿಗಬೇಕು. ಒಂದು ಹತ್ತು ತೂಕದ ಮೇಲಿನದು, ಇನ್ನೊಂದು ಹತ್ತು ದರದ ಮೇಲಿನದು. ಎರಡನ್ನೂ ಒಂದೇ ಅಂದುಕೊಂಡರೆ ಮೊಬೈಲ್ ಏನು ಮಾಡೀತು?

ಸಾಲದಲ್ಲೂ ಇದೇ ಕಥೆ. ಒಂದು ಲಕ್ಷ ಸಾಲ, 12 ತಿಂಗಳ ಕಂತು, 12 ಪರ್ಸೆಂಟ್ 'ಫ್ಲಾಟ್' ಬಡ್ಡಿ, ಅಂದರೆ ಮೊದಲು ತೆಗೆದುಕೊಂಡ ಇಡೀ ಸಾಲದ ಮೇಲೆ. ಬಡ್ಡಿ 12,000 ಆಯಿತು. ಆದರೆ ಅಸಲು ತಿಂಗಳು ತಿಂಗಳೂ ತೀರುತ್ತಿದೆ. ತೀರಿಸಿದ ದುಡ್ಡಿಗೂ ಬಡ್ಡಿ ಕಟ್ಟಿದ ಹಾಗಾಯಿತು. ಉಳಿದ ಬಾಕಿಗೆ ಮಾತ್ರ ಅದೇ 12 ಪರ್ಸೆಂಟ್ ಹಾಕಿದರೆ ಬಡ್ಡಿ 6,600ರ ಆಸುಪಾಸು. ಸಹಿ ಹಾಕುವ ಮೊದಲು ಕೇಳಬೇಕಾದ್ದು ಒಂದೇ: 12 ಪರ್ಸೆಂಟು, ಯಾವುದರ ಮೇಲೆ?

ಇನ್ನು ಕಾರವಾರ, ಅಂಕೋಲೆಯ ದೋಣಿಯವರು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡ ಆಗುತ್ತಾ ಹೋಗುತ್ತದೆ ಅನ್ನುವುದು ಅವರಿಗೆ ತಿಥಿ ನೋಡಿದರೆ ಸಾಕು, ಗೊತ್ತಾಗುತ್ತದೆ. ಅದಕ್ಕೆ ಗಣಿತ ಅಂತ ಅವರು ಹೆಸರಿಡಲಿಲ್ಲ ಅಷ್ಟೇ. ನೀವೂ ಇಟ್ಟಿರಲಿಕ್ಕಿಲ್ಲ.

ಒಂದು ಮಾತಿನಲ್ಲಿ ನೀವು ಸರಿ. ಸೈನ್, ಕಾಸ್ ಸೂತ್ರಗಳು ಹೆಚ್ಚಿನವರಿಗೆ ಪರೀಕ್ಷೆ ಆದಮೇಲೆ ಬೇಕಾಗುವುದಿಲ್ಲ. ಮೊಮ್ಮಗಳು ಅವನ್ನು ಮರೆತರೆ ನನ್ನ ತಕರಾರಿಲ್ಲ. ಸದ್ಯ ಅಳುವ ಹುಡುಗಿಗೆ ಪುಸ್ತಕ ಬದಿಗಿಡಲು ಹೇಳಿ, ಈ ವರ್ಷ ಅಡಿಕೆ ಮಾರಿದ ಪಟ್ಟಿ, ಸಾಲದ ಪಾಸ್‌ಬುಕ್ ಎರಡನ್ನೂ ಅವಳ ಕೈಗೆ ಕೊಡಿ.

- ಸಂಪಾದಕ