ಗುಂಯ್‌ಗುಡುವ ವೂಫರ್, ಕೇಳಿಸದ ಮಾತು

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮಲ್ಲಿ ಡಿವಿಡಿ ಕಾಲದ 5.1 (ಐದು ಸ್ಪೀಕರ್, ಒಂದು ವೂಫರ್) ಹೋಂ ಥಿಯೇಟರ್ ಇದೆ. ಹಿಂದುಗಡೆ ಕೆಂಪು-ಬಿಳಿ ಪಿನ್ ಬಿಟ್ಟರೆ ಬೇರೇನೂ ಇಲ್ಲ. ಹೊಸ ಟೀವಿಯಲ್ಲಿ ಆ ಪಿನ್ನೇ ಇಲ್ಲ. ಟೀವಿಯ ಆಪ್ಟಿಕಲ್ ವೈರಿನ ಶಬ್ದವನ್ನು ಕೆಂಪು-ಬಿಳಿ ಪಿನ್ನಿಗೆ ಇಳಿಸುವ ಪುಟ್ಟ ಕನ್ವರ್ಟರ್ ಒಂದನ್ನು ಅಂಗಡಿಯವರು ಕೊಟ್ಟರು. ಮೊದಲ ದಿನ ಶಬ್ದವೇ ಬರಲಿಲ್ಲ. ಮಗ ಸೆಟ್ಟಿಂಗಿನಲ್ಲಿ ಏನೋ ಒತ್ತಿದ ಮೇಲೆ ಬಂತು, ಆದರೆ ವೂಫರ್ ಸದಾ ಗುಂಯ್ ಅನ್ನುತ್ತದೆ. ವಾಲ್ಯೂಮ್ ಸೊನ್ನೆಗಿಟ್ಟರೂ ಅಷ್ಟೇ. ಮಳೆ ಬಂದ ದಿನ ಜಾಸ್ತಿ. ಡಿಶ್ ವೈರ್ ಕಿತ್ತರೆ ನಿಲ್ಲುತ್ತದೆ. ಸೆಟ್ಟು ಹಳೇದಾಯಿತು, ಎಸೀರಿ ಅನ್ನುತ್ತಾರೆ. ಎಸೆಯಲೇ?
— ಓದುಗರು, ಆಲ್ದೂರು

ಎಸೆಯಬೇಡಿ. ಡಿಶ್ ವೈರ್ ಕಿತ್ತರೆ ನಿಲ್ಲುತ್ತದೆ ಅಂತ ನೀವೇ ಕಂಡುಕೊಂಡಿದ್ದೀರಿ. ಅರ್ಧ ರಿಪೇರಿ ಅಲ್ಲೇ ಮುಗಿದಿದೆ.

ಆಗಿರುವುದು ಇಷ್ಟು. ನಿಮ್ಮ ಆಂಪ್ಲಿಫೈಯರಿನ ಪ್ಲಗ್ ಮೂರು ಪಿನ್ನಿನದಾದರೆ ಅದಕ್ಕೆ ಮನೆಯ ಅರ್ಥಿಂಗ್ ಇದೆ. ಅತ್ತ ಡಿಶ್ಶಿನ ಕಬ್ಬಿಣದ ಕಂಬ ಅಂಗಳದ ಮಣ್ಣಿನಲ್ಲಿ ಹೂತಿದೆ. ನಮ್ಮ ಕಡೆ ಹೆಂಚಿನ ಮನೆಗಳಲ್ಲಿ ಹೀಗೇ ನೆಡುವುದು. ಆ ಕಂಬವೂ ಒಂದು ಅರ್ಥಿಂಗೇ. ಎರಡೂ ಬೇರೆ ಬೇರೆ ಜಾಗದಲ್ಲಿರುವುದರಿಂದ ಅವುಗಳ ನಡುವೆ ಒಂದಿಷ್ಟು ವೋಲ್ಟೇಜ್ ವ್ಯತ್ಯಾಸ ಇರುತ್ತದೆ. ಡಿಶ್ ವೈರಿನ ಹೊರಸುತ್ತಿನ ತಂತಿ ಜಾಲರಿ, ಸೆಟ್‌ಟಾಪ್ ಬಾಕ್ಸ್, ಎಚ್‌ಡಿಎಂಐ, ಟೀವಿ, ಕೆಂಪು-ಬಿಳಿ ವೈರ್, ಆಂಪ್ಲಿಫೈಯರ್ ಎಲ್ಲ ಸೇರಿ ಒಂದು ಸುತ್ತು ಪೂರ್ತಿಯಾಗಿ, ಅದರೊಳಗೆ ಸಣ್ಣ ಕರೆಂಟ್ ಹರಿಯುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹೋಗಿ-ಬಂದು ಮಾಡುವಂಥದ್ದು. ಆ 50 ಹರ್ಟ್ಸ್‌ನ ಶಬ್ದವೇ ನಿಮ್ಮ ಗುಂಯ್. ಮಳೆಗೆ ಮಣ್ಣು ನೆನೆದರೆ ಕಂಬ ಇನ್ನೂ ಗಟ್ಟಿಯಾಗಿ ನೆಲ ಹಿಡಿಯುತ್ತದೆ, ಗುಂಯ್ ಏರುತ್ತದೆ.

‘ಆಪ್ಟಿಕಲ್ ವೈರಿನಲ್ಲಿ ಹೋಗೋದು ಬೆಳಕು, ಕರೆಂಟಲ್ಲ. ಮತ್ತೆ ಸುತ್ತು ಹೇಗೆ ಪೂರ್ತಿಯಾಯ್ತು?’ ಅಂತ ಯಾರಾದರೂ ಕೇಳಬೇಕು. ಸರಿಯಾದ ಪ್ರಶ್ನೆ. ಟೀವಿಯ ಹಿಂದೆ ಬಗ್ಗಿ ನೋಡಿ. ಕನ್ವರ್ಟರಿಗೆ ಕರೆಂಟ್ ಎಲ್ಲಿಂದ ಕೊಟ್ಟಿದ್ದೀರಿ? ಹತ್ತಕ್ಕೆ ಎಂಟು ಮನೆಯಲ್ಲಿ ಟೀವಿಯದೇ ಯುಎಸ್‌ಬಿ ಕಿಂಡಿಯಿಂದ. ಟೀವಿ ಹಾಕಿದಾಗ ತಾನೇ ಹತ್ತುತ್ತೆ, ಅನುಕೂಲ ಅಂತ. ಬೆಳಕಿನ ವೈರ್ ಬಾಗಿಲು ಮುಚ್ಚಿತು, ಯುಎಸ್‌ಬಿ ವೈರ್ ಹಿತ್ತಲ ಬಾಗಿಲು ತೆರೆಯಿತು. ಆ ವೈರನ್ನು ಅಲ್ಲಿಂದ ಕಿತ್ತು, ಮನೆಯಲ್ಲಿ ಬಿದ್ದಿರುವ ಹಳೇ ಎರಡು ಪಿನ್ನಿನ ಮೊಬೈಲ್ ಚಾರ್ಜರಿಗೆ ಸಿಕ್ಕಿಸಿ. ಖರ್ಚು ಸೊನ್ನೆ. ನಾನು ನೋಡಿದ ಇಂಥ ಕೇಸುಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ಸುಮ್ಮನಾಗಿವೆ.

ಚಾರ್ಜರ್ ತೀರಾ ಅಗ್ಗದ್ದಾದರೆ ಗುಂಯ್ ಹೋಗಿ ಸಣ್ಣ ಸುಯ್ ಉಳಿಯಬಹುದು. ಬೇರೆ ಚಾರ್ಜರ್ ಹಾಕಿ ನೋಡಿ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಗುಂಯ್ ನಿಲ್ಲಿಸಲು ಮೂರು ಪಿನ್ನಿನ ಪ್ಲಗ್‌ನಲ್ಲಿ ದಪ್ಪ ಪಿನ್ ಮುರಿಯುವ ಮೇಷ್ಟ್ರುಗಳಿದ್ದಾರೆ. ಶಬ್ದ ನಿಲ್ಲುತ್ತದೆ, ನಿಜ. ನಾಳೆ ಒಳಗೆ ಫೇಸ್ ವೈರ್ ಬಿಟ್ಟು ಡಬ್ಬಕ್ಕೆ ತಾಗಿದರೆ ಅದನ್ನು ಮುಟ್ಟಿದವರೂ ನಿಲ್ಲುತ್ತಾರೆ. ಅಂಥವರಿಗೆ ಟೀ ಕೊಟ್ಟು ಕಳಿಸಿ.

ಇನ್ನು ಕೇಬಲ್ ಟೀವಿ ಇರುವವರಿಗೆ ಕೊಆಕ್ಸಿಯಲ್ ಐಸೊಲೇಟರ್ ಅಂತ ಒಂದು ಸಣ್ಣ ತುಂಡು ಬರುತ್ತದೆ. ಅದನ್ನು ಕೇಬಲ್ಲಿನ ನಡುವೆ ಹಾಕಿದರೂ ಸುತ್ತು ಕತ್ತರಿಸುತ್ತದೆ. ಡಿಶ್‌ಗೆ ಅದು ಆಗಿಬರುವುದಿಲ್ಲ. ಸೆಟ್‌ಟಾಪ್ ಬಾಕ್ಸ್ ಅದೇ ವೈರಿನಲ್ಲಿ 13 ಅಥವಾ 18 ವೋಲ್ಟ್ ಕಳಿಸಿ, ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿಯಾದ ಎಲ್‌ಎನ್‌ಬಿಗೆ ಜೀವ ಕೊಡುತ್ತದೆ. ಐಸೊಲೇಟರ್ ಅದನ್ನೂ ತಡೆದುಬಿಡುತ್ತದೆ.

ಮಗ ಒತ್ತಿದ ಸೆಟ್ಟಿಂಗ್ ಬಹುಶಃ ಪಿಸಿಎಂ, ಅಂದರೆ ಶಬ್ದವನ್ನು ಗಂಟು ಕಟ್ಟದೆ ಬಿಡಿಯಾಗಿ ಕಳಿಸುವ ರೀತಿ. ಅಗ್ಗದ ಕನ್ವರ್ಟರಿಗೆ ಡಾಲ್ಬಿ ರೀತಿಯಲ್ಲಿ ಗಂಟು ಕಟ್ಟಿ ಕಳಿಸಿದ ಶಬ್ದವನ್ನು ಬಿಚ್ಚಲು ಬರುವುದಿಲ್ಲ, ಹಾಗಾಗಿ ಆಟೋ ಅಥವಾ ಬಿಟ್‌ಸ್ಟ್ರೀಮ್‌ನಲ್ಲಿಟ್ಟರೆ ಮೌನ, ಇಲ್ಲವೇ ಕರಕರ. ಪಿಸಿಎಂನಲ್ಲಿ ಶಬ್ದ ಬರುತ್ತದೆ, ಆದರೆ ಎರಡೇ ಚಾನೆಲ್. ಐದೂ ಸ್ಪೀಕರ್ ಬೇರೆಬೇರೆಯಾಗಿ ಮಾತಾಡಬೇಕೆಂದರೆ ಆರು ಪಿನ್ ಹೊರಡುವ 5.1 ಡಿಕೋಡರ್ ಬೇಕು. ಸೆಟ್ಟಿನ ಹಿಂದೆ ಆರು ಪಿನ್ ಒಳಹೋಗುವ ಜಾಗ ಇದ್ದರೆ ಮಾತ್ರ ಅದು ಉಪಯೋಗ. ನಿಮ್ಮದರಲ್ಲಿ ಕೆಂಪು-ಬಿಳಿ ಬಿಟ್ಟು ಬೇರೇನೂ ಇಲ್ಲ ಅಂದಿದ್ದೀರಿ, ಹಾಗಾಗಿ ತರಬೇಡಿ.

ಪ್ರಶ್ನೆ: ಸಿನಿಮಾದಲ್ಲಿ ಮಾತು ಕೇಳಿಸುವುದಿಲ್ಲ ಅಂತ ವಾಲ್ಯೂಮ್ ಏರಿಸಿದರೆ, ಫೈಟಿಂಗ್ ಬಂದಾಗ ಪಕ್ಕದ ಮನೆಯವರು ಕದ ತಟ್ಟುತ್ತಾರೆ. ಹಾಲ್‌ಗೆ ನೆಲಕ್ಕೂ ಟೈಲ್ಸ್, ಅರ್ಧ ಗೋಡೆಗೂ ಟೈಲ್ಸ್. ಹೊಸ ಸೆಂಟರ್ ಸ್ಪೀಕರ್ ಬೇಕೇ?
— ಓದುಗರು, ವಿದ್ಯಾನಗರ, ಹಾಸನ

ಹಾಲ್‌ನ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಟಪ್ ಅಂತ ನಿಲ್ಲದೆ ಟಿರ್ರ್ ಅಂತ ಬಾಲ ಬಂದರೆ ತಪ್ಪು ಸ್ಪೀಕರಿನದ್ದಲ್ಲ, ಟೈಲ್ಸಿನದ್ದು. ಮಾತಿನ ಸ್ಪಷ್ಟತೆ ಇರುವುದು ವ್ಯಂಜನಗಳಲ್ಲಿ. ಗೋಡೆಗೆ ಬಡಿದು ತಡವಾಗಿ ಬರುವ ಶಬ್ದ ಅವನ್ನೇ ಮೊದಲು ನುಂಗುತ್ತದೆ. ಟೀವಿಗೂ ಸೋಫಾಕ್ಕೂ ನಡುವಿನ ನೆಲಕ್ಕೆ ದಪ್ಪ ಜಮಖಾನೆ ಹಾಸಿ, ಸೋಫಾದ ಹಿಂದಿನ ಗೋಡೆಗೆ ಬಟ್ಟೆ ಪರದೆ ಬಿಡಿ. ಬೀರುವಿನಲ್ಲಿ ಮಡಿಸಿಟ್ಟ ಕಂಬಳಿ ಇದ್ದರೆ ಜಮಖಾನೆಯ ಅಡಿಗೆ ಅದೂ ಆಗುತ್ತದೆ. ಈಗ ಮತ್ತೆ ಚಪ್ಪಾಳೆ ಹೊಡೆದು ನೋಡಿ.

ಆಮೇಲೆ ಸೆಂಟರ್ ಸ್ಪೀಕರ್. 5.1ರಲ್ಲಿ ಸಂಭಾಷಣೆಯ ಬಹುಪಾಲು ಅದರಿಂದಲೇ ಬರುವುದು. ಅದನ್ನು ಶೋಕೇಸಿನ ಒಳಗೆ, ಗೊಂಬೆಗಳ ಹಿಂದೆ ತಳ್ಳಿದ್ದರೆ ಹೊರಗೆ ಎಳೆದು ಮುಂದಿನ ಅಂಚಿಗೆ ಸರಿಯಾಗಿ ಇಡಿ. ಕೆಳಗಿದ್ದರೆ ಅಡಿಗೆ ಒಂದು ರಬ್ಬರ್ ತುಂಡು ಕೊಟ್ಟು ಮೂತಿ ನಿಮ್ಮ ಕಿವಿಯ ಕಡೆ ಎತ್ತಿ. ರಿಮೋಟಿನಲ್ಲಿ ಸೆಂಟರ್ ಲೆವೆಲ್ 3 ಡೆಸಿಬೆಲ್ ಏರಿಸಿ. ನೈಟ್ ಮೋಡ್ ಅಥವಾ ಡಿಆರ್‌ಸಿ ಅಂತ ಇದ್ದರೆ ಹಾಕಿ. ಅದು ದೊಡ್ಡ ಶಬ್ದವನ್ನು ತಗ್ಗಿಸಿ ಸಣ್ಣದನ್ನು ಎತ್ತುತ್ತದೆ. ನಿಮ್ಮ ನೆರೆಯವರಿಗಾಗಿಯೇ ಮಾಡಿದ್ದು ಅಂದುಕೊಳ್ಳಿ.

ಇಷ್ಟಾದರೂ ಮುಂದಿನ ಎರಡು ಸ್ಪೀಕರ್ ತೆಳ್ಳಗೆ, ಬೇಸ್ ಇಲ್ಲದಂತೆ ಕೇಳಿದರೆ ಒಂದರ ವೈರ್ ಉಲ್ಟಾ ಆಗಿರಬಹುದು. ಆಂಪ್ಲಿಫೈಯರ್ ಆಫ್ ಮಾಡಿ, ವೈರ್ ಬಿಚ್ಚಿ, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತಗೊಳ್ಳಿ. ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಕೆಂಪು ಟರ್ಮಿನಲ್ಲಿಗೆ, ಮೈನಸ್ಸನ್ನು ಕಪ್ಪಿಗೆ ಒಂದು ಕ್ಷಣ ತಾಗಿಸಿ. ವೂಫರಿನ ಕಾಗದ ನಿಮ್ಮ ಕಡೆ ಉಬ್ಬಬೇಕು. ಒಳಗೆ ಹೋದರೆ ಆ ಸ್ಪೀಕರಿನ ಒಳ ಜೋಡಣೆಯೇ ಉಲ್ಟಾ. ಆಂಪ್ಲಿಫೈಯರಿಗೆ ಕಟ್ಟುವಾಗ ಅದೊಂದಕ್ಕೆ ಮಾತ್ರ ಕೆಂಪು-ಕಪ್ಪು ಅದಲುಬದಲು ಮಾಡಿ. ಎರಡೂ ಉಬ್ಬಿದರೆ ತಪ್ಪು ವೈರಿನದ್ದು, ಎರಡೂ ತುದಿಯಲ್ಲಿ ಬಣ್ಣ ನೋಡಿ ಮತ್ತೆ ಕಟ್ಟಿ.

ಪರೀಕ್ಷೆಗೆ ಸಿನಿಮಾ ಹಾಕಬೇಡಿ. ಹಾಸನ ಆಕಾಶವಾಣಿಯಲ್ಲಿ ಮಾತಿನ ಕಾರ್ಯಕ್ರಮ ಬರುವ ಹೊತ್ತಿಗೆ ಫೋನಿನಿಂದ ಹಚ್ಚಿ. ಬರೀ ಮನುಷ್ಯರ ದನಿ, ಹಿಂದೆ ಸಂಗೀತವಿಲ್ಲ. ಅದು ಪಕ್ಕದಲ್ಲಿ ಕೂತು ಮಾತಾಡಿದಂತೆ ಕೇಳಿಸಿದರೆ ನಿಮ್ಮ ಹಾಲ್ ಪಾಸು.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ. ಹಾಲ್‌ಗೆ ಶೀಟ್ ಹೊದಿಸಿದ್ದೇವೆ. ಬಜೆಟ್ ಹದಿನೈದು ಸಾವಿರ. ‘ಹತ್ತು ಸಾವಿರ ವ್ಯಾಟ್’ ಅಂತ ಬರೆದಿರುವ ಸೆಟ್ ಆರೂವರೆ ಸಾವಿರಕ್ಕೆ ಸಿಗುತ್ತಿದೆ. ತಗೊಳ್ಳಬಹುದೇ?

ಆ ಸೆಟ್ಟನ್ನು ತಿರುಗಿಸಿ ಹಿಂದಿನ ಚೀಟಿ ಓದಿ. ‘230 ವೋಲ್ಟ್, 60 ವ್ಯಾಟ್’ ಅಂತ ಏನೋ ಇರುತ್ತದೆ. ಗೋಡೆಯಿಂದ 60 ವ್ಯಾಟ್ ಎಳೆಯುವ ಪೆಟ್ಟಿಗೆ ಹತ್ತು ಸಾವಿರ ವ್ಯಾಟ್ ಸತತವಾಗಿ ಎಲ್ಲಿಂದ ತರುತ್ತದೆ? ಮುಂದುಗಡೆ ಬರೆದಿರುವುದು ಪಿಎಂಪಿಒ, ಅಂದರೆ ಜಾಹೀರಾತಿನ ಲೆಕ್ಕ. ಕೇಳಬೇಕಾದ್ದು ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ವ್ಯಾಟ್.

ನಾನಾದರೆ ಈ ದುಡ್ಡಿಗೆ ಐದು ಪ್ಲಾಸ್ಟಿಕ್ ಡಬ್ಬಿ ತರುವುದಿಲ್ಲ. ಸೆಕೆಂಡ್‌ಹ್ಯಾಂಡ್ ಆದರೂ ಸರಿ, ಮರದ ಪೆಟ್ಟಿಗೆಯ ಎರಡು ಒಳ್ಳೆ ಸ್ಪೀಕರ್, ಒಂದು ಸ್ಟೀರಿಯೋ ಆಂಪ್ಲಿಫೈಯರ್ ತಗೊಳ್ಳುತ್ತೇನೆ. ಅದು ಬೇಡ, ಒಂದೇ ವೈರಿನಲ್ಲಿ ಮುಗಿಯಬೇಕು ಎಂದರೆ ಎಚ್‌ಡಿಎಂಐ ಎಆರ್‌ಸಿ (ಟೀವಿಯ ಶಬ್ದ ಎಚ್‌ಡಿಎಂಐ ವೈರಿನಲ್ಲೇ ಹೊರಬರುವ ವ್ಯವಸ್ಥೆ) ಇರುವ ಸೌಂಡ್‌ಬಾರ್. ಟೀವಿಯಲ್ಲಿ ಎಆರ್‌ಸಿ ಅಂತ ಬರೆದಿರುವ ಕಿಂಡಿಗೇ ಹಾಕಿ, ಮೆನುವಿನಲ್ಲಿ ಸಿಇಸಿ (ಎರಡೂ ಪೆಟ್ಟಿಗೆಗಳು ಒಂದಕ್ಕೊಂದು ಆಜ್ಞೆ ಕಳಿಸುವ ಸೆಟ್ಟಿಂಗ್) ಆನ್ ಮಾಡಿ. ‘ಸೌಂಡ್‌ಬಾರ್ ಕೆಟ್ಟಿದೆ’ ಎಂದು ನನ್ನ ಹತ್ತಿರ ಬರುವವರಲ್ಲಿ ಅನೇಕರು ವೈರನ್ನು ಪಕ್ಕದ ಕಿಂಡಿಗೆ ಸಿಕ್ಕಿಸಿರುತ್ತಾರೆ.

ಜುಲೈ ಮಳೆ ಶೀಟಿನ ಮೇಲೆ ಬೀಳುವಾಗ ಮಾತ್ರ ಯಾವ ಸೆಟ್ಟೂ ಗೆಲ್ಲುವುದಿಲ್ಲ. ಸಬ್‌ಟೈಟಲ್ ಹಾಕಿ. ಅಥವಾ ಟೀವಿ ಆಫ್ ಮಾಡಿ ಅತಿಥಿಗಳಿಗೆ ಮಳೆಯನ್ನೇ ಕೇಳಿಸಿ, ಅವರು ಬಂದಿರುವುದೂ ಅದಕ್ಕೇ.

ಪ್ರಶ್ನೆ: ಪ್ರತಿ ವರ್ಷ ಏಪ್ರಿಲ್-ಮೇ ಗುಡುಗಿಗೆ ಏನಾದರೊಂದು ಸುಡುತ್ತದೆ. ಸ್ಪೈಕ್ ಗಾರ್ಡ್ ಹಾಕಿದ್ದೇವೆ.
— ಓದುಗರು, ಸಕಲೇಶಪುರ

ಸ್ಪೈಕ್ ಗಾರ್ಡ್ ಹೆಚ್ಚಿನ ವೋಲ್ಟೇಜನ್ನು ನುಂಗಿಬಿಡುವುದಿಲ್ಲ, ಅದರಲ್ಲಿ ಬಹುಪಾಲನ್ನು ಬೇರೆ ದಾರಿಗೆ ತಿರುಗಿಸುತ್ತದೆ. ಆ ದಾರಿಗಳಲ್ಲಿ ಮುಖ್ಯವಾದದ್ದು ಅರ್ಥಿಂಗ್. ಅರ್ಥಿಂಗ್ ಗುಂಡಿ ಒಣಗಿದ್ದರೆ, ತಂತಿ ತುಕ್ಕು ಹಿಡಿದು ಬಿಟ್ಟಿದ್ದರೆ ಅದು ಹೆಚ್ಚುಕಮ್ಮಿ ಬರೀ ಎಕ್ಸ್‌ಟೆನ್ಷನ್ ಬಾಕ್ಸು. ಬೇಸಿಗೆಯಲ್ಲಿ ಗುಂಡಿಗೆ ನೀರು ಹೊಯ್ಯಿರಿ, ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಇದೆ ನೋಡಿಸಿ. ಒಂದೆರಡು ವೋಲ್ಟ್ ಆದರೆ ಪರವಾಗಿಲ್ಲ, ಹತ್ತಿಪ್ಪತ್ತು ತೋರಿಸಿದರೆ ಗುಂಡಿಯ ರಿಪೇರಿ ಮಾಡಿಸಲೇಬೇಕು.

ಹತ್ತಿರದಲ್ಲೇ ಸಿಡಿಲು ಬಿದ್ದರೆ ಇದೂ ಸಾಲದು, ಕೀಳುವುದೊಂದೇ ದಾರಿ. ಅದನ್ನೂ ನಾನು ಅರ್ಧ ಮಾಡಿ ಕೆಟ್ಟಿದ್ದೇನೆ. ಒಂದು ಸಂಜೆ ಗುಡುಗು ಶುರುವಾದಾಗ ಟೀವಿ, ಆಂಪ್ಲಿಫೈಯರ್ ಎರಡರ ಪ್ಲಗ್ಗನ್ನೂ ಕಿತ್ತು, ಜಾಣತನ ಮಾಡಿದೆ ಎಂದು ಜಗಲಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ಡಿಶ್ ವೈರ್ ಬಾಕ್ಸಿನಲ್ಲೇ ಇತ್ತು. ಮರುದಿನ ಟೀವಿ ಹತ್ತಿತು, ಚಿತ್ರವೂ ಬಂತು, ಬಾಕ್ಸ್ ಹಾಕಿದ್ದ ಎಚ್‌ಡಿಎಂಐ ಕಿಂಡಿ ಮಾತ್ರ ಸತ್ತಿತ್ತು. ಪೆಟ್ಟು ಮೇಲಿನಿಂದ ವೈರು ಹಿಡಿದು ಇಳಿದಿತ್ತು. ಆದ್ದರಿಂದ ಡಿಶ್ ವೈರ್ ಮೊದಲು, ಪ್ಲಗ್ ಆಮೇಲೆ. ಇಂಟರ್ನೆಟ್ಟಿನ ತಾಮ್ರದ ವೈರ್ ಟೀವಿಗೆ ಸೇರಿದ್ದರೆ ಅದನ್ನೂ ತೆಗೆಯಿರಿ. ಕಿತ್ತ ಡಿಶ್ ವೈರಿನ ತುದಿಯನ್ನು ಟೀವಿಯ ಹಿಂದೆಯೇ ನೇತುಬಿಡದೆ ಕಿಟಕಿಯ ಹೊರಗೆ ಹಾಕಿ. ಇದೆಲ್ಲ ಮೋಡ ಕಟ್ಟುವಾಗಲೇ ಆಗಬೇಕು. ಮಿಂಚು ನೆತ್ತಿಯ ಮೇಲೆ ಬಂದ ಮೇಲೆ ವೈರ್ ಮುಟ್ಟಲು ಹೋಗಬೇಡಿ.