371(ಜೆ) ಎಲ್ಲ ಕಡೆ ನಡೆಯುವುದಿಲ್ಲ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಮೆಡಿಕಲ್ ಕಾಲೇಜಿನ ಬೋಧಕ, ಸಂಶೋಧನಾ ಹುದ್ದೆಗಳು

ಪ್ರಶ್ನೆ: ಸರ್, ನಂದು ಎಂಡಿ ಜನರಲ್ ಮೆಡಿಸಿನ್, ಸೀನಿಯರ್ ರೆಸಿಡೆನ್ಸಿನೂ ಮುಗದದ. ಊರು ಚಿತ್ತಾಪುರ ತಾಲೂಕು, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡೋ ಸಂವಿಧಾನದ 371(ಜೆ) ವಿಧಿಯ ಸರ್ಟಿಫಿಕೇಟ್ ಅದ. ಕಲಬುರಗಿ ಇಎಸ್‌ಐಸಿ ಮೆಡಿಕಲ್ ಕಾಲೇಜಿನ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಇದರ ಮೀಸಲಾತಿ ಸಿಗ್ತದೇನ್ರಿ?

ಉತ್ತರ: ಸಿಗುವುದಿಲ್ಲ. ಕಟ್ಟಡ ಕಲಬುರಗಿಯಲ್ಲಿದೆ ಎಂದ ಮಾತ್ರಕ್ಕೆ ಹುದ್ದೆ ರಾಜ್ಯದ್ದಾಗುವುದಿಲ್ಲ. 371(ಜೆ) ಅನ್ವಯ ಮೀಸಲಾತಿ ಇರುವುದು ರಾಜ್ಯ ಸರ್ಕಾರದ ಮತ್ತು ಅದರ ಅಧೀನ ಸಂಸ್ಥೆಗಳ ಹುದ್ದೆಗಳಿಗೆ. ಇಎಸ್‌ಐಸಿ ಎಂಬ ಕಾರ್ಮಿಕರ ವಿಮಾ ನಿಗಮ ಕೇಂದ್ರದ್ದು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಅಷ್ಟೇ. ಹಿಂದುಳಿದ ವರ್ಗದವರಿಂದ ಅಲ್ಲಿ ಕೇಳುವುದು ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ. ನಮ್ಮ ರಾಜ್ಯದ ಪಟ್ಟಿಯಲ್ಲಿ 2ಎ, 3ಬಿ ಇದ್ದವರೆಲ್ಲ ಕೇಂದ್ರದ ಪಟ್ಟಿಯಲ್ಲೂ ಇರುತ್ತಾರೆಂದಿಲ್ಲ. ಮೊದಲು ಅದನ್ನು ನೋಡಿಕೊಳ್ಳಿ.

ನಿಮ್ಮ ಸರ್ಟಿಫಿಕೇಟಿಗೆ ಬೆಲೆ ಇರುವುದು ರಾಜ್ಯ ಸರ್ಕಾರದ ಮೆಡಿಕಲ್ ಕಾಲೇಜುಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ಗಳಲ್ಲಿ. 2013ರ ಆದೇಶದಂತೆ ಈ ಭಾಗದ ಹುದ್ದೆಗಳಲ್ಲಿ ಎ, ಬಿ ಗುಂಪಿಗೆ ಶೇ 75, ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85 ಸ್ಥಳೀಯರಿಗೆ. ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಇದೆ, ಅದನ್ನು ನಮ್ಮ ಹುಡುಗರು ಮರೆತೇಬಿಡುತ್ತಾರೆ.

ಇನ್ನೊಂದು ಮಾತು, ಹೇಳಿ ಹೇಳಿ ಬಾಯಿ ನೋಯುತ್ತಿದೆ. ತಹಶೀಲ್ದಾರರು ಕೊಡುವ ವಾಸಸ್ಥಳ ಪ್ರಮಾಣಪತ್ರ 371(ಜೆ) ಅಲ್ಲ. ಅರ್ಹತಾ ಪತ್ರ ಕೊಡುವವರು ಸಹಾಯಕ ಆಯುಕ್ತರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ‘ಶರಣಪ್ಪ’, 371(ಜೆ)ಯಲ್ಲಿ ‘ಶರಣಬಸಪ್ಪ’ ಎಂದಿದ್ದರೆ ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಬೆವರುವುದು ನೀವೇ. ಅರ್ಜಿಯ ಕೊನೆಯ ದಿನದೊಳಗೆ ಸರಿಪಡಿಸಿದ ಪತ್ರ ಕೈಯಲ್ಲಿರಲಿ. ‘ಆಮೇಲೆ ಕೊಡ್ತೀನ್ರಿ’ ಎಂಬ ಮಾತು ಆ ಮೇಜಿನ ಮೇಲೆ ನಡೆಯುವುದಿಲ್ಲ. ಅರ್ಜಿಯಲ್ಲಿ 371(ಜೆ) ಕೋರಿಕೆಯ ಕಾಲಂ ಖಾಲಿ ಬಿಟ್ಟು ಬಂದು ನನಗೆ ಪತ್ರ ಬರೆಯಬೇಡಿ.

ಪ್ರಶ್ನೆ: ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಾಜೆಕ್ಟಿನ ನೌಕರಿ ಮುಂದೆ ಕಾಯಂ ಆಗ್ತದಾ?

ಉತ್ತರ: ಇಲ್ಲ. ಪ್ರಾಜೆಕ್ಟ್ ಮುಗಿದರೆ ನೌಕರಿಯೂ ಮುಗಿಯಿತು. ಸಂಶೋಧನಾ ಪೇಪರಿನಲ್ಲಿ ನಿಮ್ಮ ಹೆಸರು ಬರುತ್ತದೆಯೇ ಎಂದು ಸೇರುವ ಮೊದಲೇ ಕೇಳಿ.

ಪ್ರಶ್ನೆ: ಮೆಡಿಕಲ್ ಎಂಎಸ್ಸಿ ಅನಾಟಮಿ ಆಗಿದೆ. ಅಸಿಸ್ಟೆಂಟ್ ಪ್ರೊಫೆಸರ್ ಆಗಬಹುದೇ?

ಉತ್ತರ: ಪಿಎಚ್‌.ಡಿ. ಮಾಡಿ, ಆಮೇಲೆ ಕೇಳಿ.

ಪ್ರಶ್ನೆ: ಮೆಡಿಕಲ್ ಕಾಲೇಜಿನ ಇನ್‌ಸ್ಪೆಕ್ಷನ್ ದಿನ ಬೋಧಕರ ಸಾಲಿನಲ್ಲಿ ಬಂದು ನಿಂತರೆ ಸಾಕು, ವರ್ಷದ ಸಂಬಳ ಕೊಡ್ತೀವಿ ಅಂತ ಒಬ್ಬ ಏಜೆಂಟ್ ಹೇಳ್ತಿದ್ದಾನೆ. ಹೋಗಲೇ?

ಉತ್ತರ: ಡಿಗ್ರಿಯನ್ನು ಬಾಡಿಗೆಗೆ ಬಿಡಲು ಅದೇನು ಸಂತೆಯ ತಗಡಿನ ಅಂಗಡಿಯೇ? ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಈಗ ಆಧಾರ್ ಆಧರಿಸಿ ಮುಖ ತೋರಿಸಿ ಹಾಜರಿ ಹಾಕಿಸುತ್ತದೆ, ಜಿಪಿಎಸ್ ಸಮೇತ. ಸಿಕ್ಕಿಬಿದ್ದರೆ ಏಜೆಂಟನ ಫೋನ್ ಸ್ವಿಚ್ ಆಫ್. ನೋಟಿಸ್ ಬರುವುದು ನಿಮ್ಮ ನೋಂದಣಿ ಸಂಖ್ಯೆಗೆ. ‘ಕಾಯಂ ಮಾಡಿಸಿ ಕೊಡ್ತೀನಿ’ ಎಂದು ಲಕ್ಷದ ಲೆಕ್ಕ ಹೇಳುವವನೂ ಇವನ ತಮ್ಮನೇ. ಇಬ್ಬರ ನಂಬರನ್ನೂ ಬ್ಲಾಕ್ ಮಾಡಿ.