ಮಗಳ ಉಂಗುರ ಬೆರಳು ಗಿಡ್ಡ ಇದೆ, ಎರಡು ತಿಂಗಳಿಗೆ ಮದುವೆ. ಅಷ್ಟರಲ್ಲಿ ಎಲುಬು ಉದ್ದ ಮಾಡಿಸಬಹುದೇ?

ಆಗುವುದಿಲ್ಲ ಅಕ್ಕಾ. ಮದುವೆ ತಾರೀಖು ಮುಂದಿಟ್ಟುಕೊಂಡು ಇದನ್ನು ಮಾಡಿಸಲೇಬೇಡಿ. ಮುಷ್ಟಿ ಹಿಡಿದರೆ ನಾಲ್ಕನೇ ಗೆಣ್ಣು ಒಳಗೆ ಹೋಗುವ ಕೈ ನನ್ನದೂ. ವಿಜಯಪುರದಿಂದ ಬೆಳಗಾವಿಗೆ ಹೋಗಿ ಉದ್ದ ಮಾಡಿಸಿಕೊಂಡೆ.

ಇಂಥ ಕೈಯಲ್ಲಿ ಸಾಮಾನ್ಯವಾಗಿ ಗಿಡ್ಡ ಉಳಿದಿರುವುದು ಬೆರಳಲ್ಲ, ಅದರ ಬುಡಕ್ಕೆ ಅಂಗೈಯೊಳಗಿರುವ ಮೆಟಾಕಾರ್ಪಲ್ ಎಲುಬು. ಸುಮಾರು 10 ಮಿ.ಮೀ. ಒಳಗೆ ಸಾಕಿದ್ದರೆ ಸೊಂಟದ ಎಲುಬಿನ ಚೂರು ಕೂಡಿಸಿ ಒಂದೇ ಸಲಕ್ಕೆ ಮುಗಿಸುತ್ತಾರೆ. ಹೆಚ್ಚು ಬೇಕಿದ್ದರೆ ಎಲುಬು ಕತ್ತರಿಸಿ, ಆಚೆ ಎರಡು ಈಚೆ ಎರಡು ಪಿನ್ ಹಾಕಿ, ಕೈಮೇಲೆ ಸಣ್ಣ ಫಿಕ್ಸೇಟರ್ (ತಿರುಪು ತಿರುವಿದಂತೆ ಎಲುಬಿನ ತುಂಡುಗಳನ್ನು ದೂರ ಸರಿಸುವ ಚೌಕಟ್ಟು) ಕೂಡಿಸುತ್ತಾರೆ. ಮೊದಲ 5–7 ದಿನ ತಿರುಪು ಮುಟ್ಟುವಂತಿಲ್ಲ. ಆಮೇಲೆ ಮುಂಜಾನೆ 0.25, ಸಂಜೆ 0.25 ಮಿ.ಮೀ. ಕಾಲಿನ ಎಲುಬಿಗೆ ದಿನಕ್ಕೆ 1 ಮಿ.ಮೀ. ನಡೆಯುತ್ತದೆ, ಕೈಗೆ ಆ ವೇಗ ತಡೆಯದು. ಅವಸರ ಮಾಡಿದರೆ ಸಂದಿನಲ್ಲಿ ಹೊಸ ಎಲುಬು ಹುಟ್ಟುವುದಿಲ್ಲ, ತೀರಾ ನಿಧಾನಿಸಿದರೆ ನಡುವೆಯೇ ಕೂಡಿಬಿಡುತ್ತದೆ. 15 ಮಿ.ಮೀ.ಗೆ ಒಂದು ತಿಂಗಳು. ಅದು ಗಟ್ಟಿಯಾಗಲು ಮತ್ತೆ ಎರಡು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಪಿನ್ ಕೈಯಲ್ಲೇ.

ಕೈ ಕೆಡುವುದು ಬೆರಳು ಅಲ್ಲಾಡಿಸದೆ ಇಟ್ಟುಕೊಂಡಾಗ. ಎಲುಬು ಉದ್ದವಾದ ವೇಗಕ್ಕೆ ನರ, ಮಾಂಸಖಂಡ, ಅದನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜು ಉದ್ದವಾಗುವುದಿಲ್ಲ. ಅವು ಎಳೆದು ಹಿಡಿದಾಗ ಗೆಣ್ಣಿನ ಕೀಲಿನ ಮೇಲೆ ಒತ್ತಡ ಬೀಳುತ್ತದೆ, ಕೀಲು ಬಿಗಿಯುತ್ತದೆ, ಕೆಲವರಿಗೆ ಜಾರುತ್ತದೆ ಕೂಡ. ಮನೆಯವರು ಪ್ರೀತಿಯಿಂದಲೇ "ಪಿನ್ ಹಾಕಿದ ಕೈ, ಸುಮ್ಮನಿಡು" ಎಂದು ಅರಿವೆ ಸುತ್ತಿ ಕೂಡಿಸುತ್ತಾರೆ. ಕೇಳಬೇಡಿ. ಫಿಜಿಯೋಥೆರಪಿಸ್ಟ್ ತೋರಿಸಿದಂತೆ, ಇನ್ನೊಂದು ಕೈಯಿಂದ ಬೆರಳನ್ನು ಬುಡದಲ್ಲೇ ಮಡಚಿ ಬಿಡಿಸುವುದನ್ನು ಮೊದಲ ವಾರದಿಂದ, ದಿನಕ್ಕೆ ಹಲವು ಸಲ ಮಾಡಬೇಕು. ನಿನ್ನೆ ಮಡಚಿದಷ್ಟು ಇವತ್ತು ಮಡಚದಿದ್ದರೆ ಸರ್ಜನ್‌ಗೆ ಅಂದೇ ತಿಳಿಸಿ. ಅವರು ತಿರುಪಿನ ವೇಗ ಇಳಿಸುತ್ತಾರೆ ಇಲ್ಲವೇ ನಿಲ್ಲಿಸುತ್ತಾರೆ. ಬಿಗಿದ ಕೀಲನ್ನು ಮತ್ತೆ ಸಡಿಲಿಸುವುದು ಎಲುಬು ಬೆಳೆಸುವುದಕ್ಕಿಂತ ಕಷ್ಟ. ಪಿನ್ನಿನ ಬುಡ ಕೆಂಪಾಗಿ ಕೀವಾದರೂ ಹಾಗೇ, ತಡಮಾಡಬೇಡಿ.

ಆಕೆ ನೋವಿಲ್ಲದೆ ರೊಟ್ಟಿ ಬಡಿಯುತ್ತಾಳಾ, ಕೊಡ ಎತ್ತುತ್ತಾಳಾ? ಹಾಗಿದ್ದರೆ ಇದು ಬರೀ ನೋಟದ ಮಾತು. ನಿರ್ಧಾರ ಆಕೆಯದು, ಬೀಗರದಲ್ಲ. ಚೆನ್ನಾಗಿ ದುಡಿಯುವ ಕೈಯನ್ನು ಫೋಟೋಗಾಗಿ ಪಣಕ್ಕಿಡುವುದು ನನಗೆ ಒಪ್ಪಿಗೆಯಿಲ್ಲ.

ಒಂದು ಮಾತ್ರ ಈ ವಾರವೇ ಮಾಡಿಸಿ: ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್, ಮತ್ತು ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಪರೀಕ್ಷೆ. ಈ ಎಲುಬು ಗಿಡ್ಡವಾಗುವುದರ ಹಿಂದೆ ಕೆಲವೊಮ್ಮೆ ಹಾರ್ಮೋನ್ ತೊಂದರೆ ಇರುತ್ತದೆ. ಆಕೆಯ ಎತ್ತರವೂ ಕಡಿಮೆಯಿದ್ದು ಮುಟ್ಟು ಸರಿಯಾಗಿ ಆಗದಿದ್ದರೆ ಟರ್ನರ್ ಸಿಂಡ್ರೋಮ್‌ಗೆ (ಹೆಣ್ಣುಮಕ್ಕಳಲ್ಲಿ ಒಂದು X ಕ್ರೋಮೋಸೋಮ್ ಪೂರ್ತಿ ಅಥವಾ ಭಾಗಶಃ ಇಲ್ಲದಿರುವ ಹುಟ್ಟು ತೊಂದರೆ) ಕ್ರೋಮೋಸೋಮ್ ಪರೀಕ್ಷೆಯ ಬಗ್ಗೆಯೂ ಕೇಳಿ. ಆಪರೇಷನ್ ಬಿಟ್ಟರೂ ಇದನ್ನು ಬಿಡಬೇಡಿ.